ಐವತ್ತರಲ್ಲಿ ಏಳನೆಯದು

(ಆಕಾಶವಾಣಿ ಭಾಷಣ)

ಕನ್ನಡ ಪುಸ್ತಕದ ಒಳಪುಟವನ್ನು ತಿರುವಿದವರಿಗೆಲ್ಲ ಒಂದು ಸಾಲು ಪರಿಚಿತವಾದದ್ದು: ‘ಪ್ರಥಮ ಮುದ್ರಣ, ಪ್ರತಿಗಳು 1000’. ಅದರ ಕೆಳಗೆ ದ್ವಿತೀಯ ಮುದ್ರಣ, ತೃತೀಯ ಮುದ್ರಣ ಎಂಬ ಸಾಲುಗಳು ಸೇರುತ್ತ ಹೋದರೆ ಲೇಖಕನಿಗೂ ಹಿಗ್ಗು, ಪ್ರಕಾಶಕನಿಗೂ ಹಿಗ್ಗು. ಮೊದಲ ಸಾವಿರವೇ ಪ್ರಕಾಶಕನ ಅಟ್ಟದ ಮೇಲೆ ಕಟ್ಟು ಬಿಚ್ಚದೆ ಕುಳಿತಿದ್ದರೆ ಆ ಸಂಖ್ಯೆಯ ವಿಚಾರವನ್ನು ಯಾರೂ ಎತ್ತುವುದಿಲ್ಲ. ಅಚ್ಚು ಹಾಕುವುದೆಂದರೆ ಹರಡುವುದಕ್ಕಾಗಿ. ಪ್ರತಿಗಳು ಹೆಚ್ಚಿದಷ್ಟೂ ಸಾರ್ಥಕ. ಓದುವ ಅಭ್ಯಾಸವಿರುವ ನಮಗೆ ಇದು ಸ್ವತಃಸಿದ್ಧವಾದ ಮಾತು.

ಇದಕ್ಕೆ ನೇರ ವಿರುದ್ಧವಾದ ಲೋಕವೊಂದಿದೆ. ಅಲ್ಲಿಯೂ ಮಸಿ ಉಂಟು, ಕಾಗದ ಉಂಟು, ಅಚ್ಚಿನ ಯಂತ್ರ ಉಂಟು. ಆದರೆ ಅಲ್ಲಿ ಐವತ್ತು ಪ್ರತಿಗಳಾದ ಮೇಲೆ ಕೆಲಸವನ್ನು ಬೇಕೆಂದೇ ನಿಲ್ಲಿಸುತ್ತಾರೆ. ಪ್ರತಿಯೊಂದು ಹಾಳೆಯ ಕೆಳಅಂಚಿನಲ್ಲಿ ಪೆನ್ಸಿಲಿನಿಂದ 1/50, 2/50, 3/50 ಎಂದು ಬರೆದು ಕಲಾವಿದ ರುಜು ಹಾಕುತ್ತಾನೆ. ಅನಂತರ ಅಚ್ಚಿನ ತಗಡಿನ ಮೇಲೆ ಅಡ್ಡಗೀಟು ಎಳೆದು, ಅದರಿಂದ ಇನ್ನು ಮೇಲೆ ಒಂದು ಪ್ರತಿಯೂ ಹೊರಡದಂತೆ ಮಾಡುವುದೂ ಉಂಟು. ಪುಸ್ತಕದ ಲೇಖಕ ಮರುಮುದ್ರಣವಾಯಿತೆಂದು ಮಿತ್ರರಿಗೆ ಕಾಫಿ ಕೊಡಿಸಿದರೆ, ಇಲ್ಲಿ ಮರುಮುದ್ರಣವೆಂಬುದು ವಿಶ್ವಾಸಘಾತ. ಮಿತ ಆವೃತ್ತಿಯ ಮುದ್ರಣಚಿತ್ರಗಳ ಲೋಕ ಇದು. ಈ ವಿಚಿತ್ರ ಲೋಕದ ಅಂಚಿನಲ್ಲಿ ನಾನು ಹಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ನನ್ನ ಬಳಿ ಇರುವುದು ಕೆಲವೇ ಹಾಳೆಗಳು. ಅಧ್ಯಾಪಕನ ಸಂಬಳದಲ್ಲಿ, ಆಮೇಲೆ ಪಿಂಚಣಿಯಲ್ಲಿ ಕೂಡಿದಷ್ಟು. ಅವುಗಳಲ್ಲಿ ಹೆಚ್ಚಿನವು ಅಮೂರ್ತ ಚಿತ್ರಗಳು. ಇದು ಮರ, ಇದು ಮನೆ, ಇದು ಮುಖ ಎಂದು ಬೆರಳಿಟ್ಟು ತೋರಿಸಲಾಗದಂಥವು.

ಚಿತ್ರಗಳನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದರಲ್ಲಿ ಒಂದು ತೊಡಕಿದೆ. ತೋರಿಸಲು ನನ್ನ ಬಳಿ ಮಾತಲ್ಲದೆ ಬೇರೇನೂ ಇಲ್ಲ. ಆದರೆ ನಾನು ಇಂದು ಹೇಳಬೇಕೆಂದಿರುವುದು ಒಂದು ಪ್ರಶ್ನೆಯ ವಿಚಾರ, ಪ್ರಶ್ನೆಗೆ ಕಣ್ಣಿಗಿಂತ ಕಿವಿಯೇ ಹತ್ತಿರ. ಐನೂರು ಪ್ರತಿ ತೆಗೆಯಬಹುದಾದ ತಗಡಿನಿಂದ ಐವತ್ತೇ ಪ್ರತಿ ತೆಗೆಯುವುದು ಪ್ರಾಮಾಣಿಕ ವ್ಯವಹಾರವೋ, ಅಥವಾ ಬೆಲೆ ಏರಿಸುವ ಹೂಟವೋ? ನನ್ನ ಮನೆಗೆ ಬಂದ ಮಿತ್ರರಲ್ಲಿ ಬುದ್ಧಿವಂತರೆಲ್ಲರೂ ಕೇಳಿರುವ ಪ್ರಶ್ನೆ ಇದು. ಇದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳೋಣ. ಮುದ್ರಿತ ಚಿತ್ರವೆಂದೊಡನೆ ನಮಗೆ ನೆನಪಾಗುವುದು ಅಜ್ಜಿಯ ಮನೆಯ ದೇವರ ಕೋಣೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದದ್ದು ತನ್ನ ವರ್ಣಚಿತ್ರಗಳನ್ನು ಸಾಮಾನ್ಯರ ಮನೆಗೆ ಮುಟ್ಟಿಸುವುದಕ್ಕಾಗಿ. ಮೊದಲು ಎಣ್ಣೆಬಣ್ಣದಲ್ಲಿ ಒಂದು ಮೂಲಚಿತ್ರ. ಅದನ್ನು ನೋಡಿಕೊಂಡು ಕುಶಲಕರ್ಮಿಗಳು ಕಲ್ಲಚ್ಚುಗಳ ಮೇಲೆ ಬಣ್ಣಬಣ್ಣಕ್ಕೂ ಬೇರೆ ಬೇರೆ ಕಲ್ಲು ಸಿದ್ಧಪಡಿಸಿ ತೆಗೆದ ಪ್ರತಿಗಳು ಇವು. ಮೂಲ ಒಂದೆಡೆ, ಪ್ರತಿ ಇನ್ನೊಂದೆಡೆ. ನಾನು ಹೇಳುತ್ತಿರುವ ಮುದ್ರಣಚಿತ್ರಕ್ಕಾದರೋ ಹೀಗೆ ಬೇರೊಂದು ಮೂಲ ಎಲ್ಲಿಯೂ ಇಲ್ಲ. ಕಲಾವಿದ ತಾಮ್ರದ ಅಥವಾ ಸತುವಿನ ತಗಡಿನ ಮೇಲೆ, ಮರದ ಮೇಲೆ, ಕಲ್ಲಿನ ಮೇಲೆ ನೇರವಾಗಿ ಕೆಲಸ ಮಾಡುತ್ತಾನೆ. ಆ ತಗಡು ಚಿತ್ರವಲ್ಲ. ಅದು ತಿರುಗುಮುರುಗಾದ, ಮಸಿ ಮೆತ್ತಿದ ಲೋಹ. ಅದು ಕಾಗದಕ್ಕೆ ಒತ್ತಿದಾಗಲೇ ಚಿತ್ರ ಹುಟ್ಟುತ್ತದೆ. ಹೀಗಾಗಿ ಐವತ್ತು ಹಾಳೆಗಳೂ ಮೂಲವೇ. ಒಂದು ತಾಯಿಯ ಐವರು ಮಕ್ಕಳಲ್ಲಿ ಯಾರು ಮೂಲ, ಯಾರು ಪ್ರತಿ ಎಂದು ಕೇಳಿದಂತೆ ಇದು.

ಇದರಿಂದಲೇ ಇನ್ನೊಂದು ಮಾತೂ ಹೊರಡುತ್ತದೆ. 1/50 ಎಂದಿರುವ ಹಾಳೆ 40/50 ಎಂದಿರುವ ಹಾಳೆಗಿಂತ ಶ್ರೇಷ್ಠವೆಂಬ ನಂಬಿಕೆಗೆ ಸಾಮಾನ್ಯವಾಗಿ ಆಧಾರವಿಲ್ಲ. ಒತ್ತಿದ ಹಾಳೆಗಳನ್ನೆಲ್ಲ ಒಣಗಿಸಿ, ಒಟ್ಟಿಗೆ ಮೇಜಿನ ಮೇಲಿಟ್ಟು ರುಜು ಹಾಕುವಾಗ, ಮೊದಲು ಕೈಗೆ ಸಿಕ್ಕಿದ್ದು ಮೊದಲು ಒತ್ತಿದ್ದೇ ಆಗಿರಬೇಕಾಗಿಲ್ಲ. ಅಂಕಿಯ ಜಾಗದಲ್ಲಿ ‘ಎ.ಪಿ.’ ಎಂದೋ, ಫ್ರೆಂಚ್ ರೂಢಿಯಂತೆ ‘ಇ.ಎ.’ ಎಂದೋ ಇದ್ದರೆ ಅದು ಕಲಾವಿದ ತನಗಾಗಿ ಇಟ್ಟುಕೊಂಡ ಕರಡಚ್ಚು. ಆವೃತ್ತಿಯ ಹತ್ತರಲ್ಲೊಂದು ಭಾಗದಷ್ಟು ಇಂಥವು ಇರುವುದು ವಾಡಿಕೆ. ಅಂಕಿಯನ್ನು ಪೆನ್ಸಿಲಿನಿಂದಲೇ ಬರೆಯುವುದಕ್ಕೂ ಕಾರಣವಿದೆ. ಪೆನ್ಸಿಲಿನ ಗೆರೆ ಕಾಗದದ ಮೇಲೆ ಸಣ್ಣ ತಗ್ಗು ಮಾಡುತ್ತದೆ, ಮಸಿಯಂತೆ ಹರಡುವುದಿಲ್ಲ, ಯಂತ್ರದಿಂದ ಅದನ್ನು ನಕಲು ಮಾಡಿದರೆ ಭೂತಗನ್ನಡಿಯ ಕೆಳಗೆ ತಿಳಿದುಬಿಡುತ್ತದೆ.

ಇನ್ನು ಮಿತಿಯ ಮಾತು. ಈ ಮಿತಿ ಹಿಂದೆ ಮನುಷ್ಯನ ಇಚ್ಛೆಯಿಂದ ಬಂದದ್ದಲ್ಲ, ತಾಮ್ರದ ಸ್ವಭಾವದಿಂದ ಬಂದದ್ದು. ಸೂಜಿಮೊನೆಯಿಂದ ನೇರವಾಗಿ ತಾಮ್ರದ ಮೇಲೆ ಗೀರಿದಾಗ ಗೆರೆಯ ಅಂಚಿನಲ್ಲಿ ಲೋಹದ ಸಣ್ಣ ಜೂಲು ಏಳುತ್ತದೆ. ಅದು ಮಸಿಯನ್ನು ಹಿಡಿದುಕೊಂಡು ಗೆರೆಗೆ ಮಖಮಲ್ಲಿನಂಥ ಮೃದುತ್ವವನ್ನು ಕೊಡುತ್ತದೆ. ಆದರೆ ಪ್ರತಿ ಒತ್ತಿಗೂ ಯಂತ್ರದ ಭಾರಕ್ಕೆ ಆ ಜೂಲು ಕುಸಿಯುತ್ತ ಹೋಗುತ್ತದೆ. ಕೆಲವೇ ಡಜನ್ ಪ್ರತಿಗಳಾಗುವಷ್ಟರಲ್ಲಿ ಚಿತ್ರದ ಜೀವ ಬಾಡಿರುತ್ತದೆ. ಆಗ ಅಂಕಿ ಬರೆಯುವ ಪದ್ಧತಿ ಇರಲಿಲ್ಲ. ಹಾಲೆಂಡಿನ ರೆಂಬ್ರಾಂಟ್ 1669ರಲ್ಲಿ ತೀರಿಕೊಂಡ ಮೇಲೂ ಆತನ ತಗಡುಗಳು ಕೈಯಿಂದ ಕೈಗೆ ಸಾಗಿದವು. ಸವೆದ ಗೆರೆಗಳನ್ನು ಬೇರೆಯವರು ಮತ್ತೆ ಕೊರೆದು ಪ್ರತಿಗಳನ್ನು ತೆಗೆದರು. ಈ ವ್ಯಾಪಾರ 20ನೆಯ ಶತಮಾನದ ಆರಂಭದವರೆಗೂ ನಡೆಯಿತು. ಅವೆಲ್ಲವೂ ರೆಂಬ್ರಾಂಟನ ತಗಡಿನಿಂದಲೇ ಬಂದವು, ನಿಜ. ಆದರೆ ಆತ ತನ್ನ ಕೈಯಿಂದ ಮಸಿ ಒರೆಸಿ ಒತ್ತಿದ ಹಾಳೆಯನ್ನು ಇವುಗಳ ಪಕ್ಕದಲ್ಲಿ ಇಟ್ಟು ನೋಡಿದರೆ, ಒಂದು ಹಾಡು, ಇನ್ನೊಂದು ಹಾಡಿನ ವರದಿ.

19ನೆಯ ಶತಮಾನದ ನಡುವಿನಲ್ಲಿ ತಾಮ್ರದ ತಗಡಿನ ಮೇಲೆ ವಿದ್ಯುತ್ತಿನ ಸಹಾಯದಿಂದ ಕಬ್ಬಿಣದ ತೆಳುಪೊರೆ ಕೂರಿಸುವ ವಿಧಾನ ಬಂತು. ಅಲ್ಲಿಂದ ತಗಡು ಬೇಗ ಸವೆಯುವುದು ತಪ್ಪಿತು, ಪ್ರತಿಗಳ ಸಂಖ್ಯೆಗೆ ಲೋಹ ಹಾಕಿದ್ದ ಎಲ್ಲೆ ಅಳಿಸಿಹೋಯಿತು. ಎಲ್ಲೆಯನ್ನು ಇನ್ನು ಮನುಷ್ಯನೇ ಹಾಕಿಕೊಳ್ಳಬೇಕಾಯಿತು. ಪೆನ್ಸಿಲಿನ ರುಜು ರೂಢಿಗೆ ಬಂದದ್ದು ಆ ಶತಮಾನದ ಕೊನೆಯ ಭಾಗದಲ್ಲಿ. ಅಂಕಿ ಹಾಕುವುದು ಸಾರ್ವತ್ರಿಕವಾದದ್ದು 20ನೆಯ ಶತಮಾನದಲ್ಲಿ. ಲೋಹ ತಾನಾಗಿ ಪಾಲಿಸುತ್ತಿದ್ದ ಮಿತಿಯನ್ನು ಈಗ ಮಾತು ಪಾಲಿಸಬೇಕು. ಅಂಚಿನಲ್ಲಿರುವ 7/50 ಎಂಬುದು ಹಾಗೆ ನೋಡಿದರೆ ಅಂಕಿಯೇ ಅಲ್ಲ. ಅದು ಕೊಟ್ಟ ಮಾತು.

ಈ ಮಾತಿಗೆ ಬೆಲೆ ಬರುವುದು ಹೇಗೆಂಬುದನ್ನು ಒಬ್ಬ ಕಲಾವಿದನ ಉದಾಹರಣೆಯಿಂದ ವಿವರಿಸುತ್ತೇನೆ. ನಮ್ಮ ಕೋಲಾರ ಜಿಲ್ಲೆಗೆ ನೆರೆಯಾದ ಚಿತ್ತೂರು ಜಿಲ್ಲೆಯ ನಂದನೂರು ಎಂಬ ಹಳ್ಳಿಯಲ್ಲಿ 1925ರಲ್ಲಿ ಹುಟ್ಟಿದವರು ಕೃಷ್ಣಾರೆಡ್ಡಿ. ಶಾಂತಿನಿಕೇತನದಲ್ಲಿ ನಂದಲಾಲ ಬೋಸರ ಶಿಷ್ಯರಾಗಿ ಕಲಿತು, ಮದರಾಸಿನ ಕಲಾಕ್ಷೇತ್ರದಲ್ಲಿ ಕೆಲಕಾಲ ಕಲಿಸಿ, ಶಿಲ್ಪವನ್ನು ಅಭ್ಯಾಸ ಮಾಡಲು ಲಂಡನ್ನಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಹೋದರು. ಪ್ಯಾರಿಸ್ಸಿನಲ್ಲಿ ‘ಅಟೆಲಿಯೆ 17’ ಎಂಬ ಒಂದು ಕಾರ್ಯಶಾಲೆ ಇತ್ತು. ಇಂಗ್ಲೆಂಡಿನ ಸ್ಟ್ಯಾನ್ಲಿ ವಿಲಿಯಂ ಹೇಟರ್ 1927ರಲ್ಲಿ ಆರಂಭಿಸಿದ್ದು ಅದು. ಮುಂದೆ ಅದು ನೆಲೆಸಿದ ಬೀದಿಯ ಮನೆಸಂಖ್ಯೆಯೇ ಹೆಸರಾಯಿತು. ಮಿರೋ, ಜಾಕೊಮೆಟ್ಟಿಯಂಥವರು ಅಲ್ಲಿ ಸಾಮಾನ್ಯ ಕಲಿಕೆಗಾರರ ಜೊತೆಗೆ ಒಂದೇ ಮೇಜಿನಲ್ಲಿ ಕೆಲಸ ಮಾಡಿದ್ದರು. ರೆಡ್ಡಿಯವರು 1950ರ ದಶಕದಲ್ಲಿ ಅಲ್ಲಿಗೆ ಸೇರಿ, ಮುಂದಿನ ದಶಕದಲ್ಲಿ ಅದರ ಸಹನಿರ್ದೇಶಕರಾದರು. 1970ರ ದಶಕದಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮುದ್ರಣಕಲೆಯನ್ನು ಕಲಿಸಿದರು. ಭಾರತ ಸರ್ಕಾರ 1972ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು. 2018ರಲ್ಲಿ, 93ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿಯೇ ತೀರಿಕೊಂಡರು.

ಅವರ ಹೆಸರು ನಿಂತಿರುವುದು ಒಂದು ಆವಿಷ್ಕಾರದ ಮೇಲೆ. ಮುಂಬಯಿಯಿಂದ ಬಂದಿದ್ದ ಕೈಕೋ ಮೋತಿಯವರೊಡನೆ ಸೇರಿ ಅಟೆಲಿಯೆ 17ರಲ್ಲಿ ಅವರು ರೂಪಿಸಿದ ಬಣ್ಣದ ಮುದ್ರಣ ಪದ್ಧತಿ ಅದು. ಅದಕ್ಕೆ ಮುಂಚೆ ತಗಡಿನಿಂದ ಬಣ್ಣದ ಚಿತ್ರ ತೆಗೆಯಬೇಕಾದರೆ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ತಗಡು ಬೇಕಾಗಿತ್ತು. ಒಂದೇ ಕಾಗದವನ್ನು ಮತ್ತೆ ಮತ್ತೆ ಯಂತ್ರಕ್ಕೆ ಕೊಟ್ಟು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಒಂದರ ಮೇಲೊಂದು ಕೂರಿಸಬೇಕು. ಇವರು ಒಂದೇ ತಗಡು, ಒಂದೇ ಒತ್ತು ಸಾಕೆಂದು ತೋರಿಸಿಕೊಟ್ಟರು. ಅದರ ಗುಟ್ಟು ಇರುವುದು ಸ್ನಿಗ್ಧತೆಯಲ್ಲಿ. ಸ್ನಿಗ್ಧತೆಯೆಂದರೆ ದ್ರವದ ಹರಿಯುವಿಕೆಗೆ ಇರುವ ತಡೆ. ನೀರಿಗೆ ಕಡಿಮೆ, ಜೇನಿಗೆ ಹೆಚ್ಚು. ಮುದ್ರಣದ ಮಸಿಗೆ ಅಗಸೆ ಎಣ್ಣೆ ಹೆಚ್ಚಾಗಿ ಬೆರೆಸಿದರೆ ಅದು ಸಡಿಲವಾಗುತ್ತದೆ. ಎಣ್ಣೆ ಕಡಿಮೆಯಾದರೆ ಬಿಗಿಯಾಗಿ ಅಂಟಂಟಾಗುತ್ತದೆ. ಸಡಿಲವಾದ ಮಸಿಯ ಮೇಲೆ ಬಿಗಿಯಾದ ಮಸಿಯನ್ನು ಉರುಳಿಸಿದರೆ ಅದು ಅಲ್ಲಿ ಹಿಡಿಯುವುದಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡವನ ಹಣೆಯ ಮೇಲೆ ಕುಂಕುಮ ನಿಲ್ಲದ ಹಾಗೆ ಎಂದು ಸ್ಥೂಲವಾಗಿ ತಿಳಿದುಕೊಳ್ಳಬಹುದು.

ಈಗ ತಗಡನ್ನು ಕಲ್ಪಿಸಿಕೊಳ್ಳಿ. ರೆಡ್ಡಿಯವರು ಮೂಲತಃ ಶಿಲ್ಪಿ. ಅವರ ತಗಡು ಬರಿಯ ಗೆರೆ ಕೊರೆದ ಹಲಗೆಯಲ್ಲ, ಗುಡ್ಡ ಕಣಿವೆಗಳಿರುವ ಉಬ್ಬುಶಿಲ್ಪ. ಮೊದಲು ಒಂದು ಮಸಿಯನ್ನು ಕಣಿವೆಗಳಿಗೆಲ್ಲ ತುಂಬಿ ಮೇಲ್ಮೈಯನ್ನು ಒರೆಸುತ್ತಾರೆ. ಆಮೇಲೆ ಗಟ್ಟಿಯಾದ ರೋಲರಿನಿಂದ ಸಡಿಲವಾದ ಇನ್ನೊಂದು ಬಣ್ಣವನ್ನು ಉರುಳಿಸಿದರೆ ಅದು ಎತ್ತರದ ನೆಲವನ್ನಷ್ಟೇ ಮುಟ್ಟುತ್ತದೆ. ಕೊನೆಗೆ ಮೆತ್ತನೆಯ ರೋಲರಿನಿಂದ ಬಿಗಿಯಾದ ಮೂರನೆಯ ಬಣ್ಣ. ಅದು ತಗ್ಗಿನೊಳಕ್ಕೂ ಇಳಿಯುತ್ತದೆ, ಆದರೆ ಮೇಲಿನ ಸಡಿಲ ಬಣ್ಣದ ಮೇಲೆ ನಿಲ್ಲುವುದಿಲ್ಲ. ಹೀಗೆ ಮೂರು ಬಣ್ಣಗಳು ಒಂದೇ ತಗಡಿನ ಮೇಲೆ, ಒಂದನ್ನೊಂದು ಕೆಡಿಸದೆ ತಮ್ಮ ತಮ್ಮ ಮಟ್ಟದಲ್ಲಿ ಕುಳಿತುಕೊಳ್ಳುತ್ತವೆ. ನೆನೆಸಿ ನೀರಾರಿಸಿದ ದಪ್ಪ ಹತ್ತಿಯ ಕಾಗದವನ್ನು ಅದರ ಮೇಲಿಟ್ಟು ಯಂತ್ರಕ್ಕೆ ಕೊಟ್ಟರೆ, ಆ ಭಾರಕ್ಕೆ ಕಾಗದ ಕಣಿವೆಗಳೊಳಕ್ಕೆ ಇಳಿದು ಅಲ್ಲಿನ ಮಸಿಯನ್ನೂ ಎತ್ತಿಕೊಂಡು ಬರುತ್ತದೆ. ತಗಡಿನಲ್ಲಿ ತಗ್ಗಾಗಿದ್ದದ್ದು ಕಾಗದದಲ್ಲಿ ಉಬ್ಬಾಗುತ್ತದೆ. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೆ ಚಿತ್ರ ಬೆರಳಿಗೆ ತಿಳಿಯುವಂತಿರುತ್ತದೆ. ಹಾಗೆ ಬೆರಳಾಡಿಸಬಾರದು, ಅದು ಬೇರೆ ಮಾತು.

ಎಣ್ಣೆಯ ಹದ, ರೋಲರಿನ ಮೇಲೆ ಕೈ ಹಾಕಿದ ಭಾರ, ಆ ದಿನದ ಸೆಕೆ, ಇವೆಲ್ಲವೂ ಹಾಳೆಯ ಬಣ್ಣವನ್ನು ಅಷ್ಟಿಷ್ಟು ಬದಲಿಸುತ್ತವೆ. ಅಲ್ಲದೆ ರೆಡ್ಡಿಯವರು ಒಂದೇ ತಗಡಿಗೆ ಬೇರೆ ಬೇರೆ ಬಣ್ಣಗಳ ಮೇಳ ಕಟ್ಟಿ ನೋಡುವುದರಲ್ಲಿ ಆಸಕ್ತರಾಗಿದ್ದರು. 1980ರ ದಶಕದಲ್ಲಿ ಅವರು ಬಹುಕಾಲ ತೊಡಗಿದ್ದ ‘ಮಹಾ ವಿದೂಷಕ’ ಎಂಬ ತಗಡಿನಿಂದ ಹೊರಟ ಹಾಳೆಗಳು ಒಂದರ ಪಕ್ಕದಲ್ಲಿ ಒಂದಿಟ್ಟರೆ, ಒಂದು ಬೆಂಕಿ, ಒಂದು ನೀರು ಎನ್ನುವಷ್ಟು ಬೇರೆಯಾಗಿ ಕಾಣುತ್ತವೆ. ರಾಗ ಒಂದೇ, ಕಛೇರಿ ಬೇರೆ ಬೇರೆ. ಹೀಗಿರುವಾಗ ಐವತ್ತು ಪ್ರತಿಗಳೆಂದರೆ ಐವತ್ತು ಸಲ ತಗಡನ್ನು ತೊಳೆದು, ಐವತ್ತು ಸಲ ಮಸಿ ಹಾಕಿ, ಐವತ್ತು ಸಲ ಮನಸ್ಸನ್ನು ಅಣಿಗೊಳಿಸಿಕೊಳ್ಳುವುದು. ನನ್ನ ಮಿತ್ರರ ಪ್ರಶ್ನೆಗೆ ಮೊದಲನೆಯ ಉತ್ತರ ಇದರಲ್ಲಿದೆ. ಲೋಹ ದಣಿಯದಿದ್ದರೂ ಕೈ ದಣಿಯುತ್ತದೆ, ಗಮನ ದಣಿಯುತ್ತದೆ. ಎಷ್ಟು ಹಾಳೆಗಳಿಗೆ ತಾನು ಪೂರ್ಣ ಗಮನ ಕೊಡಬಲ್ಲೆನೋ ಅಷ್ಟಕ್ಕೆ ನಿಲ್ಲಿಸುತ್ತೇನೆಂದು ಕಲಾವಿದ ಹೇಳಿದರೆ ಅದು ಹೂಟವಲ್ಲ.

ಎರಡನೆಯ ಉತ್ತರ ಅಮೂರ್ತತೆಗೆ ಸಂಬಂಧಿಸಿದ್ದು; ನನಗೆ ಇದು ಮುಖ್ಯವಾದದ್ದೆಂದು ತೋರುತ್ತದೆ. ರವಿವರ್ಮನ ಲಕ್ಷ್ಮಿಯ ಅಚ್ಚು ಎಷ್ಟೇ ಮಾಸಿರಲಿ, ಪಂಚಾಂಗದ ಹಿಂಬದಿಯಲ್ಲಿ ಬಣ್ಣ ಕದಡಿಹೋಗಿರಲಿ, ಕೈಮುಗಿಯುವವನಿಗೆ ಅವಳು ಲಕ್ಷ್ಮಿಯೇ. ಪ್ರತಿಯಿಂದ ಪ್ರತಿಗೆ ವಿಷಯ ನಷ್ಟವಾಗದೆ ದಾಟುತ್ತದೆ. ಆದ್ದರಿಂದಲೇ ಅವಳು ಲಕ್ಷಾಂತರ ಮನೆಗಳನ್ನು ಸೇರಿದ್ದು ಸರಿಯಾಯಿತು. ಅವಳಿಗೆ ಮಿತ ಆವೃತ್ತಿಯ ಬೇಲಿ ಹಾಕಿದ್ದರೆ ಅದು ಅನ್ಯಾಯವಾಗುತ್ತಿತ್ತು. ರೆಡ್ಡಿಯವರ 1963ರ ‘ಸುಳಿ’ಯನ್ನೋ ‘ಅಲೆ’ಯನ್ನೋ ತೆಗೆದುಕೊಳ್ಳಿ. ಹೆಸರು ನೀರನ್ನು ಸೂಚಿಸುತ್ತದೆ. ಆದರೆ ಹಾಳೆಯಲ್ಲಿ ನದಿ ಇಲ್ಲ, ದಡ ಇಲ್ಲ, ದೋಣಿ ಇಲ್ಲ. ನೀರನ್ನು ತಿರುಗಿಸುವ ಸೆಳೆತವಷ್ಟೇ ಇದೆ. ಅದು ಲೋಹದಲ್ಲಿ ಕೊರೆದ ಸಾವಿರ ಗೀರುಗಳ ಆಳದಲ್ಲಿ, ಅವುಗಳ ನಡುವೆ ಒಂದು ಬಣ್ಣ ಇನ್ನೊಂದನ್ನು ತಳ್ಳಿ ನಿಂತಿರುವ ಗಡಿಯಲ್ಲಿ ಇದೆ. ಇದನ್ನು ಪತ್ರಿಕೆಯಲ್ಲಿ ಚಿಕ್ಕದಾಗಿ ಅಚ್ಚು ಹಾಕಿದರೆ ದಾಟಿಬರುವುದೇನು? ಒಂದಿಷ್ಟು ನೀಲಿ, ಒಂದಿಷ್ಟು ಸುತ್ತು. ಕಥೆಯಿರುವ ಚಿತ್ರದ ನಕಲಿನಲ್ಲಿ ಕಥೆಯಾದರೂ ಉಳಿಯುತ್ತದೆ. ಅಮೂರ್ತ ಚಿತ್ರದಲ್ಲಿ ಹಾಳೆಯ ಮೈಯೇ ಕಥೆ. ಮೈಯನ್ನು ಬಿಟ್ಟರೆ ಮತ್ತೇನೂ ಇಲ್ಲ. ಇಂಥ ಚಿತ್ರವನ್ನು ತಿಳಿಯಬೇಕಾದರೆ ಆ ತಗಡಿಗೆ ಒತ್ತಿಸಿಕೊಂಡ ಹಾಳೆಯ ಎದುರಿಗೇ ಕೂರಬೇಕು. ಕಾವ್ಯವನ್ನು ಭಾವಾರ್ಥದಿಂದ ತಿಳಿಯಲಾಗದೆಂದು ನಾವು ಸಾಹಿತ್ಯದಲ್ಲಿ ಒಪ್ಪಿಕೊಂಡಿರುವುದನ್ನೇ ಇಲ್ಲಿಯೂ ಒಪ್ಪಿಕೊಳ್ಳಬೇಕಾಗಿದೆ.

ಅಟೆಲಿಯೆ 17ರಲ್ಲಿಯೇ ಕಲಿತ ಇನ್ನೊಬ್ಬರು ಜರೀನಾ ಹಾಶ್ಮಿ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿ, ಗಣಿತದಲ್ಲಿ ಪದವಿ ಪಡೆದು, ದೇಶದೇಶ ಸುತ್ತಿ, 2020ರಲ್ಲಿ ಲಂಡನ್ನಿನಲ್ಲಿ ಕಣ್ಣು ಮುಚ್ಚಿದವರು. ಮನೆಯೇ ಪರದೇಶವೆಂಬ ಅರ್ಥದ ಹೆಸರಿನಲ್ಲಿ ಅವರು 1999ರಲ್ಲಿ ಹೊರತಂದ ಒಂದು ಗುಚ್ಛದಲ್ಲಿ 36 ಮರದಚ್ಚಿನ ಚಿತ್ರಗಳಿವೆ, ಆವೃತ್ತಿ 25. ಹೊಸ್ತಿಲು, ಅಂಗಳ, ಗಡಿ ಮುಂತಾದ ಭಾವನೆಗಳಿಗೆ ಕಪ್ಪು ಗೆರೆಗಳ ಕನಿಷ್ಠ ರೂಪ, ಜೊತೆಗೆ ಒಂದೊಂದು ಉರ್ದು ಪದ. ನಾಲ್ಕು ಗೆರೆಗಳೇ ಒಂದು ಮನೆಯಾಗಬೇಕಾದರೆ ಆ ಗೆರೆಯ ಅಂಚು ಎಷ್ಟು ಒರಟು, ಕಪ್ಪು ಎಷ್ಟು ಗಾಢ, ಕಾಗದ ಎಷ್ಟು ತೆಳುವು ಎಂಬುದೇ ಸರ್ವಸ್ವವಾಗುತ್ತದೆ. ಹೇಟರ್, ರೆಡ್ಡಿ, ಜರೀನಾ ಈ ಮೂವರ ಕೃತಿಗಳನ್ನು ಒಟ್ಟುಗೂಡಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2016ರಲ್ಲಿ ಪ್ರದರ್ಶನವನ್ನು ಏರ್ಪಡಿಸಿತ್ತು.

ಕೊಟ್ಟ ಮಾತು ಎಂದೆ. ಮಾತು ಕೊಡುವ ಕಡೆ ಮಾತು ತಪ್ಪುವುದೂ ಇರುತ್ತದೆ. 1974ರಲ್ಲಿ ಫ್ರಾನ್ಸಿನ ಸುಂಕದ ಅಧಿಕಾರಿಗಳು ಒಂದು ವಾಹನವನ್ನು ತಡೆದು ನೋಡಿದಾಗ ಅದರಲ್ಲಿ ಸುಮಾರು 40,000 ಖಾಲಿ ಹಾಳೆಗಳಿದ್ದವು. ಎಲ್ಲವುಗಳ ಮೇಲೂ ಸಾಲ್ವಡಾರ್ ಡಾಲಿಯ ರುಜು. ಚಿತ್ರ ಇನ್ನೂ ಹುಟ್ಟಿಲ್ಲ, ರುಜು ಆಗಲೇ ಬಿದ್ದಿದೆ. ಇಂಥ ಹಾಳೆಗಳ ಮೇಲೆ ಮುಂದೆ ಯಾರು ಏನನ್ನು ಅಚ್ಚು ಹಾಕಿದರೂ ಅದು ‘ಕಲಾವಿದನ ರುಜುವಿರುವ’ ಚಿತ್ರವಾಗಿಬಿಡುತ್ತದೆ. ಡಾಲಿಯ ಮುದ್ರಣಚಿತ್ರಗಳೆಂದರೆ ಇಂದಿಗೂ ಸಂಗ್ರಾಹಕರು ಹುಬ್ಬೇರಿಸುತ್ತಾರೆ. ಇದಕ್ಕೆ ಎದುರಾಗಿ ಇನ್ನೊಂದು ಪ್ರಸಂಗ. ಯುದ್ಧಕಾಲದಲ್ಲಿ ಅಟೆಲಿಯೆ 17 ನ್ಯೂಯಾರ್ಕಿಗೆ ಸ್ಥಳಾಂತರವಾಗಿದ್ದಾಗ, 1944–45ರಲ್ಲಿ, ಜಾಕ್ಸನ್ ಪೊಲಾಕ್ ಅಲ್ಲಿ ಕೆಲವು ತಗಡುಗಳನ್ನು ಕೆತ್ತಿದರು. ಒಂದೆರಡು ಕರಡಚ್ಚು ತೆಗೆದು ನೋಡಿದ್ದುಂಟು, ಆವೃತ್ತಿ ಹೊರಬರಲಿಲ್ಲ. 1956ರಲ್ಲಿ ಅವರು ತೀರಿಕೊಂಡರು. 1967ರಲ್ಲಿ ಆ ತಗಡುಗಳಲ್ಲಿ ಕೆಲವನ್ನು 50 ಪ್ರತಿಗಳ ಆವೃತ್ತಿಯಾಗಿ ಮುದ್ರಿಸಲಾಯಿತು, ಮರಣಾನಂತರದ ಮುದ್ರಣವೆಂದು ದಾಖಲಿಸಿಯೇ. ಇಲ್ಲಿ ವಂಚನೆಯಿಲ್ಲ, ಆದರೂ ಮನಸ್ಸು ಕೇಳುತ್ತದೆ: ಇದು ಯಾರು ಕೊಟ್ಟ ಮಾತು? ಡಾಲಿಯ ಹಾಳೆಯಲ್ಲಿ ರುಜುವಿದೆ, ಕೈ ಇಲ್ಲ. ಪೊಲಾಕರ ಹಾಳೆಯಲ್ಲಿ ಕೆತ್ತಿದ ಕೈ ಇದೆ, ಒಪ್ಪಿದ ಕಣ್ಣಿಲ್ಲ. ಕೈ, ಕಣ್ಣು, ರುಜು ಈ ಮೂರೂ ಒಂದೇ ಹಾಳೆಯಲ್ಲಿ ಕೂಡಿದಾಗಲೇ ಅಂಚಿನ ಅಂಕಿ ನಿಜವಾದ ಅರ್ಥವನ್ನು ಪಡೆಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಈ ಮಾತಿಗೆ ಇನ್ನೊಂದು ಪರೀಕ್ಷೆ ಬಂದಿದೆ. ವರ್ಣಚಿತ್ರದ ಛಾಯಾಪ್ರತಿಯನ್ನು ಕಂಪ್ಯೂಟರಿಗೆ ಕೊಟ್ಟು, ಮಸಿಯನ್ನು ಸಣ್ಣ ಹನಿಗಳಾಗಿ ಸಿಂಪಡಿಸುವ ಯಂತ್ರದಿಂದ ಒಳ್ಳೆಯ ಕಾಗದದ ಮೇಲೆ ತೆಗೆದು, ಅದಕ್ಕೆ ‘ಜಿಕ್ಲೇ’ ಎಂಬ ಫ್ರೆಂಚ್ ಹೆಸರು ಕೊಟ್ಟು, ಕೆಳಗೆ 7/50 ಎಂದು ಬರೆದು ಮಾರುವುದು ಈಗ ಸಾಮಾನ್ಯವಾಗಿದೆ. ಗೋಡೆಯ ಅಲಂಕಾರಕ್ಕೆ ಅದು ಚೆನ್ನಾಗಿಯೇ ಇರಬಹುದು. ಆದರೆ ಅದು ರವಿವರ್ಮನ ಅಚ್ಚುಕೂಟದ ಮೊಮ್ಮಗು, ಕೃಷ್ಣಾರೆಡ್ಡಿಯವರ ತಗಡಿನ ಸಂತಾನವಲ್ಲ. ಅದರ ಮೂಲ ಬೇರೆಲ್ಲಿಯೋ ಇದೆ. ಲಕ್ಷ್ಮಿಯ ಚಿತ್ರವನ್ನು ಲಕ್ಷಗಟ್ಟಲೆ ಅಚ್ಚು ಹಾಕಿದವರು ಅದನ್ನು ಅಪೂರ್ವವೆಂದು ಹೇಳಿಕೊಳ್ಳಲಿಲ್ಲ, ಇವರು ಹೇಳಿಕೊಳ್ಳುತ್ತಾರೆ. ಇಲ್ಲಿ ನನ್ನ ಮಿತ್ರರ ಸಂಶಯ ಸಂಪೂರ್ಣ ನ್ಯಾಯವಾದದ್ದು.

ಹಾಗಾದರೆ ಕೊಳ್ಳುವವನು ನೋಡಬೇಕಾದ್ದೇನು? ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಬೇಕು. ತಗಡಿನಿಂದ ಒತ್ತಿದ್ದಾದರೆ ಚಿತ್ರದ ಸುತ್ತ ತಗಡಿನ ಅಂಚು ಕಾಗದದಲ್ಲಿ ಇಳಿದ ಗುರುತು ಕಾಣುತ್ತದೆ, ಮಸಿಯ ಗೆರೆಗಳು ಉಬ್ಬಿ ನಿಂತಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದಾಗ ಪತ್ರಿಕೆಯ ಚಿತ್ರದಲ್ಲಿರುವಂತೆ ಸಾಲುಸಾಲಾದ ಸಣ್ಣ ಚುಕ್ಕೆಗಳು ಕಂಡರೆ ಅದು ಯಂತ್ರದ ನಕಲು. ಆವೃತ್ತಿ ಎಷ್ಟು, ಕರಡಚ್ಚುಗಳೆಷ್ಟು, ಒತ್ತಿದವರು ಯಾರು, ತಗಡು ಈಗ ಏನಾಗಿದೆ, ಈ ಹಾಳೆ ಯಾರಿಂದ ಯಾರಿಗೆ ಬಂತು ಎಂದು ಸಂಕೋಚವಿಲ್ಲದೆ ಕೇಳಬೇಕು. ಪ್ರಾಮಾಣಿಕ ವ್ಯಾಪಾರಿ ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊಳ್ಳುವ ಮೊದಲು ಒಂದಷ್ಟು ಹೊತ್ತು ಸುಮ್ಮನೆ ಅದರ ಮುಂದೆ ಕೂರಬೇಕು. ಅರ್ಧ ಗಂಟೆಯಲ್ಲಿ ಬೇಸರ ತರಿಸುವ ಅಮೂರ್ತ ಚಿತ್ರ ಹತ್ತು ವರ್ಷ ಗೋಡೆಯ ಮೇಲೆ ಬಾಳುವುದಿಲ್ಲ.

ತಂದ ಮೇಲೆ ಕಾಪಾಡುವ ಕಷ್ಟ ಬೇರೆ. ನಮ್ಮ ಹವೆಯಲ್ಲಿ ಕಾಗದಕ್ಕೆ ಶತ್ರುಗಳು ಬಹಳ: ಮಳೆಗಾಲದ ತೇವ, ಬೇಸಿಗೆಯ ಬಿಸಿಲು, ಕಾಗದ ತಿನ್ನುವ ಹುಳು. ನೇರ ಬಿಸಿಲು ಬೀಳುವ ಗೋಡೆಯೂ ಕೂಡದು, ಮಳೆನೀರು ಒಸರುವ ಹೊರಗೋಡೆಯೂ ಕೂಡದು. ಹಿಂಬದಿಗೆ ಅಗ್ಗದ ರಟ್ಟು ಇಟ್ಟರೆ ಅದರ ಆಮ್ಲ ವರ್ಷಗಳು ಕಳೆದಂತೆ ಹಾಳೆಯನ್ನು ಕಂದಾಗಿಸುತ್ತದೆ. ಆಮ್ಲರಹಿತ ರಟ್ಟೇ ಬೇಕು. ಪಾರದರ್ಶಕ ಟೇಪನ್ನು ಹತ್ತಿರಕ್ಕೂ ಸೇರಿಸಬಾರದು. ಗಾಜು ಚಿತ್ರದ ಮೈಗೆ ತಾಗದಂತೆ ನಡುವೆ ಅಂತರವಿರಬೇಕು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಕಟ್ಟು ಹಾಕುವ ಅಂಗಡಿಯಲ್ಲಿದೆ. ನನ್ನ ಸಹೋದ್ಯೋಗಿಯೊಬ್ಬರು ಒಂದು ಹಾಳೆಯನ್ನು ಕಟ್ಟು ಹಾಕಿಸಲು ಕೊಟ್ಟಿದ್ದರು. ಅಂಗಡಿಯಾತ ಒಳ್ಳೆಯ ಕೆಲಸಗಾರ, ಅಚ್ಚುಕಟ್ಟಿನವನು. ಸಿದ್ಧವಿದ್ದ ಚೌಕಟ್ಟಿಗೆ ಸರಿಹೊಂದಲೆಂದು ಸುತ್ತಲ ‘ವ್ಯರ್ಥ’ ಬಿಳಿ ಅಂಚನ್ನು ನೀಟಾಗಿ ಕತ್ತರಿಸಿ ತೆಗೆದಿದ್ದ. ಅಂಕಿಯೂ ಹೋಯಿತು, ರುಜುವೂ ಹೋಯಿತು. ಸಹೋದ್ಯೋಗಿಗಳು ಮೂರು ದಿನ ಯಾರೊಡನೆಯೂ ಮಾತನಾಡಲಿಲ್ಲ. ನಾಲ್ಕನೆಯ ದಿನ ನನ್ನೊಡನೆ ಒಂದು ಮಾತು ಹೇಳಿದರು: ‘ಚಿತ್ರ ಮಾತ್ರ ಹಾಗೆಯೇ ಇದೆ ಕಣ್ರೀ’. ಅವರು ಸಮಾಧಾನಕ್ಕೆ ಹೇಳಿಕೊಂಡ ಮಾತು ಅದಾಗಿದ್ದರೂ, ಅದರಲ್ಲಿ ನಮ್ಮೆಲ್ಲ ಚರ್ಚೆಗೂ ಒಂದು ಒರೆಗಲ್ಲಿದೆ ಎಂದು ನನಗೆ ಆಗ ಅನ್ನಿಸಿತು. ಅಂಕಿ ಹೋದ ಮೇಲೂ ನೋಡುವುದಕ್ಕೆ ಏನಾದರೂ ಉಳಿದಿದ್ದರೆ ಕೊಂಡದ್ದು ಸರಿಯಾಗಿತ್ತು. ಏನೂ ಉಳಿಯದಿದ್ದರೆ ಅವರು ಕೊಂಡದ್ದು ಅಂಕಿಯನ್ನು ಮಾತ್ರ.

ಮಿತಿಯನ್ನು ಮೀರಿ ನಡೆಯಬೇಕಾದ ಮುದ್ರಣವೂ ಇದೆ. ಅದನ್ನು ಹೇಳದಿದ್ದರೆ ವಾದ ಏಕಪಕ್ಷೀಯವಾದೀತು. ಬಂಗಾಳದ ಚಿತ್ತಪ್ರಸಾದರು ಲಿನೋಲಿಯಮ್ಮಿನ ಮೇಲೆ ಕೆತ್ತಿದ್ದು ಬಡವರ ಬದುಕನ್ನು, ಹಸಿವನ್ನು, ದುಡಿಯುವ ಮಕ್ಕಳನ್ನು. ಅಗ್ಗದ ಬೆಲೆಗೆ ಹಲವರಿಗೆ ಮೂಲಕೃತಿಯೇ ಸಿಕ್ಕುವಂತೆ ಮಾಡುವ ಶಕ್ತಿ ಅವರನ್ನು ಈ ಮಾಧ್ಯಮದತ್ತ ಸೆಳೆಯಿತು. ಕೂಗಿ ಹೇಳಬೇಕಾದ ಮಾತಿಗೆ ಅಂಕಿಯ ಬೇಲಿ ಒಪ್ಪುವುದಿಲ್ಲ. ಪಿಸುಮಾತಿನ ಸಂಗತಿ ಬೇರೆ. ರೆಡ್ಡಿಯವರು ಕೂಡ ತಮ್ಮ ಹಾಳೆಗಳಿಗೆ ಮಿತಿ ಹಾಕಿಕೊಂಡರೇ ಹೊರತು ವಿದ್ಯೆಗೆ ಹಾಕಲಿಲ್ಲ. ಬಣ್ಣಗಳ ಆ ರಹಸ್ಯವನ್ನು ಬಚ್ಚಿಟ್ಟುಕೊಂಡು ಬಾಳಬಹುದಾಗಿತ್ತು. ಅವರು ಖಂಡಖಂಡಗಳಿಂದ ಬಂದವರಿಗೆ ಅದನ್ನು ಕಲಿಸಿದರು, 1988ರಲ್ಲಿ ಅದರ ವಿವರಗಳನ್ನೆಲ್ಲ ಬಿಚ್ಚಿಟ್ಟು ಪುಸ್ತಕವನ್ನೂ ಬರೆದರು. ಆ ಪುಸ್ತಕದ ಪ್ರತಿಗಳು ಎಷ್ಟಾದರೂ ಆಗಬಹುದು, ಅದು ಪುಸ್ತಕ.

ಕೊನೆಗೆ, ಸಂಗ್ರಹದ ಸುಖವನ್ನು ಕುರಿತು ಒಂದು ಮಾತು. ವರ್ಣಚಿತ್ರವನ್ನು ಕೊಂಡವನಿಗೆ ‘ಇದು ನನ್ನೊಬ್ಬನದೇ’ ಎಂಬ ಹೆಮ್ಮೆ ಇರುತ್ತದೆ. ಮುದ್ರಣಚಿತ್ರವನ್ನು ಕೊಂಡವನಿಗೆ ಆ ಹೆಮ್ಮೆಗೆ ಅವಕಾಶವಿಲ್ಲ. ನನ್ನ ಗೋಡೆಯ ಮೇಲಿರುವ ರೆಡ್ಡಿಯವರ ಒಂದೇ ಒಂದು ಹಾಳೆಯ ಒಡಹುಟ್ಟುಗಳು ಎಲ್ಲೆಲ್ಲಿವೆಯೋ ನಾನರಿಯೆ. ಒಂದು ಸಂಗ್ರಹಾಲಯದ ಕತ್ತಲೆಯ ಸೆಳೆಖಾನೆಯಲ್ಲಿ ಮಲಗಿರಬಹುದು. ಇನ್ನೊಂದು ಹಿಮ ಬೀಳುವ ಊರಿನಲ್ಲಿ ಯಾವುದೋ ವೃದ್ಧೆಯ ಊಟದ ಮೇಜಿನ ಮೇಲ್ಗಡೆ ತೂಗುತ್ತಿರಬಹುದು. ಆಕೆ ನನ್ನನ್ನು ಬಲ್ಲವಳಲ್ಲ. ಆದರೂ ಒಂದೇ ತಗಡಿನ ಕಣಿವೆಗಳಿಂದ ಎದ್ದ ನೀಲಿಯನ್ನು ನಾವಿಬ್ಬರೂ ಬೆಳಗಿನ ಹೊತ್ತು ನೋಡುತ್ತೇವೆ. ಅವಳ ನೀಲಿ ನನ್ನದಕ್ಕಿಂತ ಒಂದಿಷ್ಟು ತಿಳಿಯಾಗಿಯೋ ಗಾಢವಾಗಿಯೋ ಇದ್ದೀತು. ಭಿನ್ನರಾಶಿಯಲ್ಲಿ ಮೇಲಿನ ಅಂಕಿ ನನ್ನದು, ಕೆಳಗಿನದು ನಮ್ಮೆಲ್ಲರದು. ಕೊಳ್ಳುವವರು ಸಾಮಾನ್ಯವಾಗಿ ಮೇಲಿನ ಅಂಕಿಯನ್ನು ನೋಡುತ್ತಾರೆ. ವರ್ಷಗಳು ಕಳೆದಂತೆ ನನ್ನ ಕಣ್ಣು ಕೆಳಗಿನ ಅಂಕಿಯ ಕಡೆಗೇ ಹೆಚ್ಚಾಗಿ ಹೋಗುತ್ತಿದೆ.